ಪೂಜೆಗೆ ಇಟ್ಟ ಪುಸ್ತಕ

ಎಜುಕೇಶನ್ ಹಿಲ್
ಏಪ್ರಿಲ್ ೨೭, ಭಾನುವಾರ

ಮುದ್ದು ಸಿರಿ,

ಫೋನ್ ಬಿಟ್ಟು ಅಮ್ಮ ಹಾಸ್ಟೆಲ್ಲಿಗೆ ಕಾಗದ ಬರೆದಿದ್ದಾಳೆಂದು ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ. ಭಾನುವಾರದ ಕನ್ನಡ ಶಾಲೆಗೆ ನಿನ್ನನ್ನು ಎಳೆದುಕೊಂಡು ಹೋದದ್ದು ಇವತ್ತಾದರೂ ಉಪಯೋಗಕ್ಕೆ ಬರಲಿ. ನಿಧಾನವಾಗಿ ಓದು, ತಿಳಿಯದಿದ್ದರೆ ಅಪ್ಪನನ್ನು ಕೇಳಬೇಡ.

ಯಾರೋ ಒಬ್ಬರಿಗೆ ಹಿಡಿಸಲಿಲ್ಲವೆಂದು ಲೈಬ್ರರಿಯಿಂದ ಪುಸ್ತಕ ತೆಗೆಯುವಂತಿಲ್ಲ ಎನ್ನುವ, ನೀನು ಇಷ್ಟೊಂದು ಓಡಾಡಿದ ಮಸೂದೆ ಪಾಸಾಯಿತಲ್ಲ, ನನಗೆ ಬಹಳ ಸಂತೋಷ. ಒಲಿಂಪಿಯಾದ ಶಾಸನಸಭೆಯಲ್ಲಿ ನೀನು ಸಾಕ್ಷಿ ಹೇಳಿದ್ದನ್ನು ಕಂಪ್ಯೂಟರಿನಲ್ಲಿ ನೋಡಿದೆವು. ಹದಿಮೂರನೇ ವಯಸ್ಸಿನಲ್ಲಿ ಅರ್ಧ ಓದಿದ್ದ ಪುಸ್ತಕವೊಂದು ನಮ್ಮೂರ ಲೈಬ್ರರಿಯಿಂದ ಮಾಯವಾಯಿತು, ಯಾರೋ ನನ್ನಿಂದ ಕಿತ್ತುಕೊಂಡರು ಎಂದು ನೀನು ಹೇಳಿದೆ. ಅಪ್ಪ ಚಪ್ಪಾಳೆ ತಟ್ಟಿದರು. ನಾನು ಒಗ್ಗರಣೆ ನೋಡುವ ನೆಪದಲ್ಲಿ ಎದ್ದು ಹೋದೆ.

ಆ ಯಾರೋ ನಾನೇ, ಪುಟ್ಟಿ.

ಆ ಪುಸ್ತಕವನ್ನು ನನ್ನ ಲೈಬ್ರರಿ ಕಾರ್ಡಿನಲ್ಲೇ ತಂದಿದ್ದೆವು. ಮೈಯಲ್ಲಾಗುವ ಬದಲಾವಣೆಯನ್ನು ಅಮ್ಮನ ಹತ್ತಿರ ಕೇಳಲಾಗದ ಹುಡುಗಿಯ ಕಥೆ. ಎರಡು ಪುಟ ನೋಡಿ ಹೆದರಿದೆ. ಹಿಂದಿರುಗಿಸಿದೆ ಎಂದು ನಿನಗೆ ಹೇಳಿದೆ, ಕಳೆದುಹೋಯಿತು ಎಂದು ಲೈಬ್ರರಿಯವರಿಗೆ ಹೇಳಿದೆ. ರೇಷ್ಮೆ ಸೀರೆಗಳ ಕೆಳಗೆ ಬಚ್ಚಿಟ್ಟೆ. ಬಚ್ಚಿಡುವ ಮುಂಚೆ ಬ್ರೌನ್ ಪೇಪರ್ ಹಾಕಿದೆ, ನೋಡು ನನ್ನ ಬುದ್ಧಿ! ಪ್ರತಿ ವರ್ಷ ಸರಸ್ವತಿ ಪೂಜೆಗೆ ಮನೆಯ ಪುಸ್ತಕವೆಲ್ಲ ಇಡುವಾಗ ಅದೊಂದನ್ನು ಬಿಡಲು ಮನಸ್ಸಾಗದೆ ನಿನ್ನ ಗಣಿತದ ಪುಸ್ತಕಗಳ ನಡುವೆ ಸೇರಿಸುತ್ತಿದ್ದೆ. ಆರು ಸಲ ನೀನೇ ಅದಕ್ಕೆ ಕೈಮುಗಿದಿದ್ದೀಯ.

ನಿನ್ನ ಸಾಕ್ಷಿ ಕೇಳಿದ ವಾರವೇ ಕೂತು ಪೂರ್ತಿ ಓದಿದೆ. ಹೆದರುವಂಥದ್ದು ಏನೂ ಇರಲಿಲ್ಲ. ನಿನ್ನೆ ಲೈಬ್ರರಿಗೆ ಕೊಟ್ಟು ಬಂದೆ. ಕೌಂಟರಿನಲ್ಲಿದ್ದ ಹೆಂಗಸು ಪೇಪರಿನ ಮೇಲಿನ ಕುಂಕುಮ ನೋಡಿ ಇದೇನೆಂದು ಕೇಳಿದಳು. ನಮ್ಮಲ್ಲಿ ಪುಸ್ತಕಕ್ಕೆ ಪೂಜೆ ಮಾಡುತ್ತೇವೆ ಎಂದೆ. ಹೇಳುವಾಗ ನಾಚಿಕೆಯಾಯಿತು. ಅವಳು ಪೇಪರ್ ಬಿಚ್ಚಿ, ಇದು ಮತ್ತೆ ಕಪಾಟಿಗೆ ಹೋಗುತ್ತದೆ ಎಂದಳು.

ನಿನ್ನ ಕಾನೂನು ನನ್ನ ಸೀರೆ ಪೆಟ್ಟಿಗೆಯವರೆಗೆ ಬರುವುದಿಲ್ಲ. ಅದಕ್ಕೇ ನಾನೇ ಹೇಳುತ್ತಿದ್ದೇನೆ. ಎಷ್ಟು ಬೇಕಾದರೂ ಕೋಪ ಮಾಡಿಕೋ, ಮಾತು ಮಾತ್ರ ಬಿಡಬೇಡ.

ಇಂತಿ, ತಪ್ಪೊಪ್ಪಿಕೊಂಡ
ನಿನ್ನ ಅಮ್ಮ

ತಾ.ಕ.: ಅರವತ್ತೊಂದನೇ ಪುಟದಲ್ಲಿ ನೀನಿಟ್ಟ ಚೀಟಿ ಸಿಕ್ಕಿತು. ಇದನ್ನು ಅಮ್ಮನ ಹತ್ತಿರ ಕೇಳಬೇಕು ಎಂದು ಇಂಗ್ಲಿಷಿನಲ್ಲಿ ಬರೆದಿದ್ದೆ. ಪುಸ್ತಕ ಕೊಟ್ಟೆ, ಚೀಟಿ ಕೊಡಲಿಲ್ಲ. ರಜೆಗೆ ನಿನ್ನನ್ನು ಹಾಸ್ಟೆಲ್ಲಿನಿಂದ ಕರೆತರಲು ಪುಲ್‌ಮನ್‌ಗೆ ಈ ಸಲ ನಾನೊಬ್ಬಳೇ ಬರುತ್ತೇನೆ. ಐದು ಗಂಟೆಯ ದಾರಿ. ಕೇಳು.