ಬರಿ ಹಣೆ

ರೀ,

ಮೂವತ್ತೊಂದು ವರ್ಷದ ಸಂಸಾರದಲ್ಲಿ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ನಿಮ್ಮ ನಾಲಿಗೆ ಹೊರಳುವಂತಿದ್ದರೆ, "ಒಂದೇ ಮನೇಲಿದ್ಕೊಂಡು ಇದೇನೇ ನಿನ್ನ ಹುಚ್ಚು?" ಅಂತ ನಗುತ್ತಿದ್ದಿರಿ. ಬಾಯಿಮಾತಲ್ಲಿ ಹೇಳಲು ನನಗೆ ಧೈರ್ಯ ಸಾಲದು.

ಆ ಸೋಮವಾರ ಬೆಳಿಗ್ಗೆ ಏಳಕ್ಕೆ ನೀವು ಸ್ನಾನ ಮುಗಿಸಿ ಬಂದು ಬಾಗಿಲು ಹಿಡಿದು ನಿಂತಿರಿ. "ತಲೆ ಸುತ್ತುತ್ತೆ ಕಣೇ. ಎಲ್ಲಾ ಎರಡೆರಡು ಕಾಣುತ್ತೆ." ಮಾತು ತೊದಲುತ್ತಿತ್ತು, ಮೈ ಬೆವೆತಿತ್ತು. ಅಯ್ಯೋ, ನನ್ನ ಜಾಣತನಕ್ಕಿಷ್ಟು! ಕಡೂರಿನ ಅಡಿಕೆ ಮಂಡಿಯವರ ಹೆಂಡತಿ ನಾನು. ಹೊಸ ಅಡಿಕೆ ಸೊಕ್ಕಿ ತೂರಾಡಿದವರನ್ನು ನಾನೆಷ್ಟು ಕಂಡಿಲ್ಲ! "ಯಾವ ಚೀಲದ ಹೋಳು ಬಾಯಿಗೆ ಹಾಕ್ಕೊಂಡ್ರಿ? ಸೊಕ್ಕಿದೆ ಅಷ್ಟೇ, ಮಲಕ್ಕೊಳ್ಳಿ, ಇಳಿಯುತ್ತೆ" ಎಂದು ಗದರಿಸಿ ಮಜ್ಜಿಗೆ ಕುಡಿಸಿದೆ. ಅದು ಕಟಬಾಯಿಯಿಂದ ಸೋರಿತು. ನೀವು ನಡುಗುವ ಕೈ ಎತ್ತಿ ಹಣೆಯನ್ನು ಮುಟ್ಟಿ ಮುಟ್ಟಿ ತೋರಿಸಿದಿರಿ. ತಲೆನೋವೆಂದುಕೊಂಡು ಮುಲಾಮು ತಿಕ್ಕಿದೆ.

ಪಕ್ಕದ ಮನೆಯ ಕಾಂತರಾಜು ಬಂದು ನೋಡಿ ಕಾರು ತೆಗೆಯುವ ಹೊತ್ತಿಗೆ ಹನ್ನೊಂದೂವರೆ. ತರೀಕೆರೆ ದಾಟುವಾಗ ನಿಮಗೆ ಪ್ರಜ್ಞೆ ಇರಲಿಲ್ಲ. ಮೆದುಳಿನ ಹಿಂಬದಿಗೆ ರಕ್ತ ಒಯ್ಯುವ ಬೇಸಿಲಾರ್ ಎಂಬ ನಾಳ ಕಟ್ಟಿಕೊಂಡಿದೆ, ತೊಡೆಯ ಸಂದಿಯಿಂದ ತೆಳ್ಳನೆಯ ಕೊಳವೆ ತೂರಿಸಿ ಹೆಪ್ಪುಗಟ್ಟಿದ ರಕ್ತವನ್ನು ಎಳೆದು ತೆಗೆಯುತ್ತೇವೆ ಎಂದರು ಶಿವಮೊಗ್ಗದ ಡಾಕ್ಟರು. "ಬೆಳಿಗ್ಗೆ ಏನು ತಿಂದಿದ್ರಮ್ಮಾ?"

"ಏನೂ ಇಲ್ಲ ಸಾರ್. ಲಿಂಗಪೂಜೆ ಆಗದೆ ಅವರು ಅಡಿಕೆ ಚೂರನ್ನೂ ಬಾಯಿಗೆ ಹಾಕಲ್ಲ."

ನನ್ನ ಬಾಯಿಂದಲೇ ಬಂತು ನೋಡಿ. ವಿಭೂತಿಯಿಲ್ಲದ ಹಣೆ ತೋರಿಸಿ ನೀವು ಹೇಳುತ್ತಿದ್ದದ್ದು ಅದನ್ನೇ. ಇನ್ನೂ ಪೂಜೆಯೇ ಆಗಿಲ್ಲ, ಇದು ಅಡಿಕೆಯಲ್ಲ ಅಂತ.

ನಾಳವೇನೋ ತೆರೆಯಿತು. "ಇನ್ನೂ ಸ್ವಲ್ಪ ಬೇಗ ಬಂದಿದ್ರೆ..." ಎಂದರು ಡಾಕ್ಟರು. ನಿಮಗೆ ಉಳಿದದ್ದು ಕಣ್ಣು ಮಾತ್ರ. ಮೇಲೆ ನೋಡಿದರೆ ಹೌದು, ಕೆಳಗೆ ನೋಡಿದರೆ ಇಲ್ಲ. ಎಂಟು ತಿಂಗಳಿಂದ ಹಸಿವಾ, ಸೆಖೆನಾ, ಮಗ್ಗುಲು ತಿರುಗಿಸಲಾ ಅಂತ ಕೇಳುತ್ತಲೇ ಇದ್ದೇನೆ. ಇದೊಂದನ್ನು ಮಾತ್ರ ಕೇಳಿಲ್ಲ. ನೀವು ಮೇಲೆ ನೋಡಿಬಿಟ್ಟರೆ ಎಂಬ ಭಯ.

ನಾಳೆ ಪೂಜೆಯಾದ ಮೇಲೆ ಈ ಕಾಗದವನ್ನು ನಿಮಗೆ ಓದುತ್ತೇನೆ. ನನ್ನ ಮೇಲೆ ಸಿಟ್ಟಿದೆಯೇನ್ರೀ? ನಿಜ ಹೇಳಿ. ಮೇಲೆ ನೋಡಿದರೂ ಸರಿಯೇ, ನಾಡಿದ್ದು ಬೆಳಿಗ್ಗೆ ನಿಮ್ಮ ಹಣೆಗೆ ವಿಭೂತಿ ಹಚ್ಚುವವಳು ನಾನೇ.

ಗುರು ನಿಮ್ಮನ್ನು ಕಾಯಲಿ.

ನಿಮ್ಮ
ಕೋಮಲಾ