ನಾಯಿಯ ಹಿಂದೆ ನಿಂತ ಅಣ್ಣ

ಸಿನ್ಸಿನಾಟಿ, ಮೇ ೧೮೭೪

ಅಕ್ಕಾ,

ಸಿಟ್ಟಿನಲ್ಲಿ ಗೀಚುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದಿಕೋ. ತೀರಿಹೋದ ವೆಂಡೆಲಣ್ಣನ ಚಿತ್ರ ಸಿಗಬಹುದೆಂದೇ ನಾನು ಈ ಹಿಗ್ಬಿಯ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ್ದು. ಹಿಗ್ಬಿ ಇಲ್ಲಿಯ ನದಿ ಬೀದಿಯ ಫೋಟೋ ತೆಗೆದಾಗ ಅಣ್ಣ ತನ್ನ ಚಪ್ಪಲಿ ಅಂಗಡಿಯ ಬಾಗಿಲಲ್ಲಿ ಅಲುಗದೆ ನಿಂತಿದ್ದನಲ್ಲ, ಆ ಚಿತ್ರ ಮೂಡಿದ ಗಾಜು ಎಲ್ಲಿ ಎಂದು ನಿನ್ನೆ ಕೇಳಿದೆ.

"ಸೋಮವಾರ ನೀನೇ ತಿಕ್ಕಿದೆಯಲ್ಲಮ್ಮ! ಹಂದಿಮಾಂಸದ ಸಾಹುಕಾರ್ರ ನಾಯಿ ಫೋಟೋಗೆ ಬೇಕಿತ್ತು. ಗಾಜೇನು ಪುಕ್ಕಟೆ ಬರುತ್ತಾ?" ಎಂದ ಆ ಮಹಾರಾಯ.

ಹಳೆಯ ಚಿತ್ರವನ್ನು ತಿಕ್ಕಿ ಅಳಿಸಿ, ಅದೇ ಗಾಜಿನ ಮೇಲೆ ಹೊಸದು ತೆಗೆಯುವುದು ಇವರ ಪದ್ಧತಿ. ಕೊಟ್ಟದ್ದನ್ನು ನೋಡದೆ ತಿಕ್ಕಿದೆ. ನನ್ನ ಕೈ ಸೇದಿಹೋಗಲಿ!

ಇವತ್ತು ನಾಯಿಯ ಫೋಟೋ ಅಚ್ಚಾಯಿತು. ಹಿಗ್ಬಿ ಎಗರಾಡಿದ: "ನೆಟ್ಟಗೆ ತಿಕ್ಕೋಕೂ ಬರಲ್ವಾ ನಿಂಗೆ? ನೋಡು, ನಾಯಿ ಹಿಂದೆ ಯಾವನೋ ದೆವ್ವದ ಥರ ನಿಂತಿದಾನೆ!"

"ಯಾವನೋ ಅಲ್ಲ ಕಣಯ್ಯಾ, ನಮ್ಮಣ್ಣ!" ಎಂದು ಅದನ್ನು ಕಿತ್ತುಕೊಂಡು ಹೊರಬಿದ್ದೆ.

ನನ್ನ ಬೆರಳೆಲ್ಲ ಕಪ್ಪಾಗಿದೆ. ರೋಗವಲ್ಲ, ಫೋಟೋ ಔಷಧಿಯ ಕಲೆ. ಶನಿವಾರದ ಹಡಗಿಗೆ ಅಣ್ಣನ ಚಿತ್ರ ಹಿಡಿದು ಬರುತ್ತೇನೆ. ಅಮ್ಮನಿಗೆ ಈಗಲೇ ಹೇಳಿಡು, ನಾಯಿ ಯಾರದೆಂದು ಮಾತ್ರ ಕೇಳಬಾರದು.

ನಿನ್ನ ತಂಗಿ,
ಟಿಲ್ಡಾ