ಏರಿದ ಒಂಬತ್ತು ಕೆಜಿ

ಸೋಮವಾರ, ಹದಿನಾಲ್ಕನೇ ತಾರೀಖು

ಗುಬ್ಬಿಯ ಅಪ್ಪನಿಗೆ,

ಹೇಗಿದ್ದೀರಿ ಎಂದು ಕೇಳುವುದಿಲ್ಲ. ಕೇಳಿದರೆ "ಚೆನ್ನಾಗಿದ್ದೀನಿ" ಎಂದೇ ಬರೆಯುತ್ತೀರಿ. ನಿಮ್ಮ ಮೂರು ಪತ್ರಗಳಿಗೆ ಒಟ್ಟಿಗೆ ಉತ್ತರಿಸುತ್ತಿದ್ದೇನೆ, ಬೈಯಬೇಡಿ. ಗುಬ್ಬಿಗೆ ಹಲ್ಲು ಬರುತ್ತಿದೆ. ತಾನೂ ಮಲಗುವುದಿಲ್ಲ, ನನ್ನನ್ನೂ ಮಲಗಲು ಬಿಡುವುದಿಲ್ಲ. ನಿನ್ನೆ ಸಕ್ಕರೆ ಎಂದುಕೊಂಡು ಹಾಲಿಗೆ ಉಪ್ಪು ಹಾಕಿದೆ. ಅತ್ತೆ ಒಂದು ಗುಟುಕು ಕುಡಿದು, "ಓದಿದ ಸೊಸೆ ತಂದ್ರೆ ಹೀಗೇ" ಎಂದರು. ಆಮೇಲೆ ಅವರೇ ನಕ್ಕರು. ಕೇಸಿನ ಸುದ್ದಿ ಹೊಸದೇನಿಲ್ಲ. ನೀವು ಕೆಲಸಕ್ಕಿದ್ದ ಗೋದಾಮಿನವರು ಇನ್ನೂ ಕೋರ್ಟಿಗೆ ಕಾಗದ ಕೊಟ್ಟಿಲ್ಲ, ವಕೀಲರು ಮತ್ತೆ ಮುಂದಿನ ತಿಂಗಳು ಎಂದಿದ್ದಾರೆ.

ಹೋದ ಸಲ ಜೈಲಿಗೆ ಬಂದು ನಿಮ್ಮನ್ನು ನೋಡಿದ ಮೇಲೆ ಅತ್ತೆ ಬೀದಿಗೆಲ್ಲ ಸಾರಿದರು: "ನನ್ನ ಮಗ ಮೈ ತುಂಬಿಕೊಂಡಿದಾನೆ, ಕೆನ್ನೆ ಬಂದಿದೆ." ಕೆಳಮನೆಯ ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸದೆಯೇ, "ಮಾವನ ಮನೆ ಊಟ ಹಿಡಿಸಿದೆ ಅನ್ನಿ" ಎಂದಳು. ನನಗೆ ಮೈಯೆಲ್ಲ ಉರಿಯಿತು. ಆದರೂ ಬಾಯಿ ಮುಚ್ಚಿಕೊಂಡೆ, ಏಕೆಂದರೆ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಹೋದ ಗುರುವಾರ ಗುಬ್ಬಿಯ ತೂಕ ನೋಡಿಸಲು ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಆರು ಕೆಜಿ ಒಂಬೈನೂರು ಗ್ರಾಂ. ತಕ್ಕಡಿಯಲ್ಲೇ ಉಚ್ಚೆ ಹೊಯ್ದಳು, ಅದನ್ನು ಕಳೆದು ಬರೆದರೋ ಇಲ್ಲವೋ. ನಮ್ಮ ಹಿಂದೆ ಒಬ್ಬಳು ಗುಂಡುಗುಂಡಾದ ಮಗು ಎತ್ತಿಕೊಂಡು ನಿಂತಿದ್ದಳು. ನಾನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದೆ. ನರ್ಸಮ್ಮ ಆ ಮಗುವಿನ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಕಲಸಿದ ಹಿಟ್ಟಿನಲ್ಲಿ ಬೆರಳು ಊರಿದಂತೆ ಗುಳಿ ಬಿತ್ತು. ತುಂಬಲೇ ಇಲ್ಲ.

"ಇದು ಮೈ ಅಲ್ಲಮ್ಮ, ನೀರು. ಬರೀ ಗಂಜಿ ಕುಡಿಸ್ತಿದ್ದೀಯಾ?" ಎಂದು ಅವಳನ್ನು ಗದರಿದರು.

ಮೂರು ವರ್ಷ ಜೀವಶಾಸ್ತ್ರ ಓದಿದವಳು ನಾನು. ಭೇಟಿಯಲ್ಲಿ ಗಾಜಿನ ಆಚೆ ನಿಮ್ಮ ಕಣ್ಣ ಕೆಳಗೆ ಊದಿದ್ದನ್ನು ನೋಡಿಯೂ ಹೊಳೆಯಲಿಲ್ಲ. ನರ್ಸಮ್ಮನಿಗೆ ನಿಮ್ಮ ವಿಷಯ ಹೇಳಿದೆ. "ಮೂತ್ರಪಿಂಡ ಇರಬಹುದು, ಹೃದಯ ಇರಬಹುದು, ಊಟದಲ್ಲಿ ಸತ್ವ ಇಲ್ಲದೇನೂ ಇರಬಹುದು. ನೋಡದೆ ಹೇಳಕ್ಕಾಗಲ್ಲ. ತಡ ಮಾತ್ರ ಮಾಡಬೇಡಿ" ಎಂದರು.

ಮಾರನೆಯ ದಿನವೇ ನಿಮ್ಮ ಜೈಲಿನ ಔಷಧದ ಕೋಣೆಗೆ ಬಂದೆ. ಮುಂದಿನ ಭೇಟಿಗೆ ಇನ್ನೂ ಒಂದು ವಾರ ಇದೆಯೆಂದು ನಿಮ್ಮನ್ನು ನೋಡಲು ಬಿಡಲಿಲ್ಲ. ಎರಡು ಗಂಟೆ ಕಾಯಿಸಿದ ಮೇಲೆ ಕಾಂಪೌಂಡರ್ ತೂಕದ ಪುಸ್ತಕ ಬಿಡಿಸಿದ.

"ನೋಡಮ್ಮ, ಏಳು ತಿಂಗಳ ಹಿಂದೆ ಬಂದಾಗ ಅರವತ್ತೆರಡು, ಈಗ ಎಪ್ಪತ್ತೊಂದು. ಇಳಿದವರ ಮನೆಯವರು ಬಂದು ಜಗಳ ಆಡ್ತಾರೆ. ಏರಿದವರ ಮನೆಯವರು ಬಂದಿದ್ದು ಇದೇ ಮೊದಲು."

"ಅದು ನೀರು ಸಾರ್, ಬಾವು. ಡಾಕ್ಟರಿಗೆ ತೋರಿಸಿ."

"ಮೂರು ಕೆಜಿ ಇಳಿದ್ರೆ ಡಾಕ್ಟರ ಪಟ್ಟಿಗೆ ಬರೀತೀವಿ. ಏರಿದ್ದಕ್ಕೆ ಬರೆಯೋಕೆ ಇದರಲ್ಲಿ ಜಾಗವೇ ಇಲ್ಲ."

ಮೇಜು ಗುದ್ದಿದೆ. ಗುಬ್ಬಿ ಎದ್ದು ಕಿರುಚಿದಳು. ಅವಳೊಬ್ಬಳಾದರೂ ನನ್ನ ಪರ ಮಾತಾಡಿದಳು. ಕೊನೆಗೆ ಅರ್ಜಿ ಬರೆದುಕೊಟ್ಟು ಮೊಹರು ಹಾಕಿಸಿಕೊಂಡೆ. ಅದು ಯಾವ ಫೈಲಿನಲ್ಲಿ ನಿದ್ದೆ ಮಾಡುತ್ತಿದೆಯೋ. ನಮ್ಮ ಮನೆಯಲ್ಲಿ ಇಲ್ಲದ ನಿದ್ದೆಯೆಲ್ಲ ಅಲ್ಲೇ ಇರಬೇಕು.

ಗೇಟಿನ ಹೊರಗೆ, ನಿಮ್ಮ ಕೋಣೆಯಲ್ಲಿರುವ ಬಡಗಿಯ ಹೆಂಡತಿ ಸಿಕ್ಕಳು. "ನಿಮ್ಮೋರು ವಾರದ ಎರಡು ಮೊಟ್ಟೇನೂ ದಿನದ ಬೇಳೇನೂ ಬೇರೆಯೋರಿಗೆ ಕೊಟ್ಟು ಅಂಚೆ ಕವರು ಇಸ್ಕೋತಾರಂತೆ ಅಕ್ಕಾ. ಬರೀ ಬಿಳಿ ಅನ್ನ ಉಣ್ತಾರಂತೆ" ಎಂದಳು. ಅಷ್ಟು ಕೊಟ್ಟು ಬರೆದದ್ದಾದರೂ ಏನು? ಗುಬ್ಬಿ ಮಗುಚಿಕೊಂಡಳಾ, ಗುಬ್ಬಿ ನಕ್ಕಳಾ, ಗುಬ್ಬಿಗೆ ನನ್ನ ಮೂಗಾ. ರೀ, ನನಗೆ ಪತ್ರ ಬೇಡ. ಮೊಟ್ಟೆ ತಿನ್ನಿ.

ಈಗ ಹೇಳಿದಷ್ಟು ಮಾಡಿ. ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಹತ್ತು ಎಣಿಸಿ ಬಿಡಿ. ಗುಳಿ ಉಳಿದರೆ, ಈ ಗುರುವಾರ ಡಾಕ್ಟರು ಬಂದಾಗ ಅವರ ಕಣ್ಣೆದುರೇ ಇನ್ನೊಮ್ಮೆ ಒತ್ತಿ ತೋರಿಸಿ. ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಕೂಗಿ. "ಪಾಪ, ಅವರಿಗ್ಯಾಕೆ ತೊಂದರೆ" ಎನ್ನುವ ನಿಮ್ಮ ಸಂಕೋಚ ನನಗೆ ಗೊತ್ತು. ಮದುವೆಯ ದಿನ ಎರಡನೇ ಸಲ ಅನ್ನ ಕೇಳಲು ನಾಚಿ ಅರೆಹೊಟ್ಟೆಯಲ್ಲಿ ಎದ್ದವರು ನೀವು. ಅದಕ್ಕೇ ಬಡಗಿಗೆ ಅವನ ಹೆಂಡತಿಯ ಕೈಲಿ ಹೇಳಿ ಕಳಿಸಿದ್ದೇನೆ. ನೀವು ಕೂಗದಿದ್ದರೆ ಅವನು ಕೂಗುತ್ತಾನೆ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಅವರಿಗೆ ನೀರಿನ ವಿಷಯ ಹೇಳಿಲ್ಲ. ಗುಬ್ಬಿ ಈ ಹಾಳೆಯ ಮೂಲೆಯನ್ನು ಚೀಪಿದ್ದಾಳೆ, ಅದನ್ನೇ ಮುತ್ತು ಎಂದುಕೊಳ್ಳಿ. ದೇವರು ನಿಮ್ಮನ್ನು ನಮಗಾಗಿ ಗಟ್ಟಿಯಾಗಿ ಇಟ್ಟಿರಲಿ.

ನಿಮ್ಮ
ಗುಬ್ಬಿಯ ಅಮ್ಮ

ತಾ.ಕ.: ಇದು ಮರೆತು ಉಳಿದ ಮಾತಲ್ಲ, ಮೇಲೆ ಎಲ್ಲಿ ಬರೆಯಬೇಕೋ ತಿಳಿಯಲಿಲ್ಲ. ಹೋದ ಭೇಟಿಯಲ್ಲಿ ನೀವು ಫೋನು ಹಿಡಿದುಕೊಂಡೇ ಪ್ಯಾಂಟು ಮೇಲೆ ಸರಿಸಿ ಕಾಲನ್ನು ಗಾಜಿನ ಹತ್ತಿರ ತಂದಿರಿ. "ಸ್ವಲ್ಪ ಇಲ್ಲಿ ನೋಡು" ಎಂದಿರಿ. ನಾನು ನೋಡಲಿಲ್ಲ. "ನಾನಿಲ್ಲಿ ಒಣಗ್ತಿದ್ದೀನಿ, ನೀವು ಕೊಬ್ಬಿಕೊಂಡು ಕೂತಿದ್ದೀರಿ" ಎಂದು ಫೋನು ಕುಕ್ಕಿ ಎದ್ದುಬಿಟ್ಟೆ. ಬಾಗಿಲಲ್ಲಿ ಒಮ್ಮೆ ತಿರುಗಿದೆ. ಫೋನು ನಿಮ್ಮ ಕಿವಿಯಲ್ಲೇ ಇತ್ತು, ಕಾಲನ್ನು ಇನ್ನೂ ಹಾಗೇ ಎತ್ತಿ ಹಿಡಿದಿದ್ದಿರಿ. ಈ ಶನಿವಾರ ಮೊದಲ ಸರದಿಗೆ ಬರುತ್ತೇನೆ. ಏನೂ ಮಾತಾಡುವುದಿಲ್ಲ. ಮೊದಲು ಕಾಲು ತೋರಿಸಿ.